ರಸ್ತೆಯ ಹೆಸರನ್ನೂ ಮನೆಯ ನಂಬರನ್ನೂ ಬದಲಿಸುವವರಿಗೆ ಒಂದು ಬಹಿರಂಗ ಪತ್ರ

ನಗರಾಡಳಿತಗಳ ಮುಖ್ಯಸ್ಥರಿಗೆ, ರಸ್ತೆ ನಾಮಕರಣ ಸಮಿತಿಗಳ ಸದಸ್ಯರಿಗೆ, ಕಂದಾಯ ಹಾಗೂ ದಾಖಲೆ ವಿಭಾಗಗಳ ಅಧಿಕಾರಿಗಳಿಗೆ, ಪತ್ರಾಗಾರಗಳ ಹೊಣೆ ಹೊತ್ತವರಿಗೆ

ಮಾನ್ಯರೇ,

ಎರಡು ವರ್ಷಗಳ ಕಾಲ ನಾನು ಬೇರೆ ಯಾರದೋ ಮನೆಯನ್ನು ನನ್ನ ಮುತ್ತಜ್ಜಿಯ ಮನೆಯೆಂದು ನಂಬಿಕೊಂಡಿದ್ದೆ. ಆಕೆ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಮೂವರು ಮಕ್ಕಳನ್ನು ಕಟ್ಟಿಕೊಂಡು, ಒಂದು ಬಾಡಿಗೆ ಮನೆಯಿಂದ ಇನ್ನೊಂದಕ್ಕೆ ಸಾಗುತ್ತಲೇ ಬದುಕಿದವಳು. ಆಕೆ ಬರೆದ, ಆಕೆಗೆ ಬಂದ ಕಾಗದಗಳ ಒಂದು ಕಟ್ಟು ನಮ್ಮ ಪೆಟ್ಟಿಗೆಯಲ್ಲಿ ಹೇಗೋ ಉಳಿದುಬಂದಿದೆ. ಅವುಗಳ ಮೇಲಿನ ವಿಳಾಸಗಳನ್ನು ಒಂದರ ಕೆಳಗೊಂದು ಬರೆದುಕೊಂಡು ಹೋದಾಗ ಒಟ್ಟು ಏಳು ಮನೆಗಳಾದವು. ಮೂರನೆಯ ಮನೆಯ ನಂಬರು 41. ಆ ರಸ್ತೆ ಇಂದಿಗೂ ಅದೇ ಹೆಸರಿನಲ್ಲಿದೆ. ನಾನು ಅಲ್ಲಿಗೆ ಹೋದೆ, 41 ಎಂಬ ಫಲಕವಿದ್ದ ಮನೆಯ ಎದುರು ನಿಂತೆ, ಸವೆದು ನುಣುಪಾದ ಹೊಸ್ತಿಲನ್ನು ಕಂಡು ಕಣ್ಣು ತುಂಬಿ ಬಂತು. ಫೋಟೋ ತೆಗೆದೆ, ದೊಡ್ಡದು ಮಾಡಿಸಿ ಬಂಧುಗಳಿಗೆಲ್ಲ ಹಂಚಿದೆ, ನಾವು ಸಿದ್ಧಪಡಿಸುತ್ತಿದ್ದ ವಂಶದ ಪುಸ್ತಕಕ್ಕೆ ಅದನ್ನೇ ಮೊದಲ ಪುಟವಾಗಿ ಹಾಕಿಸಿದೆ.

ಆ ಫೋಟೋವನ್ನು ಒಪ್ಪದೆ ಇದ್ದವರು ಒಬ್ಬರೇ. ಮುತ್ತಜ್ಜಿಯ ಕೊನೆಯ ಮಗಳು, ನಾವೆಲ್ಲ ಚಿಕ್ಕಜ್ಜಿ ಎಂದು ಕರೆಯುವವರು, ಅದನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿ, "ಮೆಟ್ಟಿಲು ಎಡಗಡೆಗಿತ್ತಲ್ಲ, ಇದು ನಮ್ಮ ಮನೆಯಲ್ಲ ಕಣಮ್ಮ" ಎಂದರು. ತೊಂಬತ್ತು ದಾಟಿದವರ ನೆನಪು, ಎಲ್ಲೋ ಮಸುಕಾಗಿರಬೇಕು ಎಂದುಕೊಂಡು ನಾವು ಸುಮ್ಮನಾದೆವು. ಕಾಗದದ ಮೇಲೆ ಮುತ್ತಜ್ಜಿಯದೇ ಅಕ್ಷರದಲ್ಲಿ 41 ಎಂದಿರುವಾಗ, ಬಾಗಿಲ ಮೇಲೂ 41 ಎಂದಿರುವಾಗ, ಮೆಟ್ಟಿಲಿನ ಮಾತನ್ನು ನಂಬುವುದು ನಮಗೆ ಕಷ್ಟವಾಯಿತು. ಆ ಮನೆಯಲ್ಲಿ ಹುಟ್ಟಿ ಬೆಳೆದವರ ಮಾತಿಗಿಂತ ತಗಡಿನ ಫಲಕವೊಂದನ್ನು ಹೆಚ್ಚು ನಂಬಿದೆನಲ್ಲ ಎಂಬ ನೋವು ನನಗೆ ಈಗಲೂ ಇದೆ.

ಸತ್ಯ ತಿಳಿದದ್ದು ಒಂದು ಹಳೆಯ ಕಂದಾಯ ವಹಿಯಿಂದ. ಬೇರೊಂದು ಕಾಗದವನ್ನು ಹುಡುಕಿಕೊಂಡು ಹೋದ ಕಚೇರಿಯೊಂದರಲ್ಲಿ, ವಿಲೇವಾರಿಗೆಂದು ಹಗ್ಗ ಕಟ್ಟಿ ಗೋಡೆಗೆ ಒರಗಿಸಿಟ್ಟಿದ್ದ ವಹಿಗಳ ರಾಶಿ ಕಣ್ಣಿಗೆ ಬಿತ್ತು. ಅಲ್ಲಿದ್ದ ಹಿರಿಯ ಗುಮಾಸ್ತರೊಬ್ಬರು ದೊಡ್ಡ ಮನಸ್ಸು ಮಾಡಿ ಕಟ್ಟು ಬಿಚ್ಚಿ ನೋಡಲು ಬಿಟ್ಟರು. ಉದ್ದನೆಯ ಹಾಳೆ, ಮಾಸಿದ ನೀಲಿ ಗೆರೆಗಳು. ಮೊದಲ ಕಲಮಿನಲ್ಲಿ ಮನೆ ನಂಬರು, ನಂತರ ಮಾಲೀಕರ ಹೆಸರು, ಅನುಭೋಗದಾರರ (ಎಂದರೆ ಅಲ್ಲಿ ವಾಸವಿರುವವರ) ಹೆಸರು, ತೆರಿಗೆಯ ಮೊತ್ತ, ಕೊನೆಯಲ್ಲಿ ಷರಾ. ಪುಟದ ನಡುವೆ ಒಂದು ಸಾಲಿನಲ್ಲಿ ಕಪ್ಪು ಶಾಯಿಯ 41ರ ಮೇಲೆ ಒಂದೇ ಒಂದು ಗೆರೆ ಎಳೆದು, ಅದರ ನೆತ್ತಿಯ ಮೇಲೆ ಕೆಂಪು ಶಾಯಿಯಲ್ಲಿ 87 ಎಂದು ಬರೆದಿತ್ತು. ಪಕ್ಕದಲ್ಲಿ ಪುಟ್ಟದೊಂದು ಸಹಿ, ತಾರೀಖು. ಅನುಭೋಗದಾರರ ಕಲಮಿನಲ್ಲಿ ನನ್ನ ಮುತ್ತಜ್ಜಿಯ ಹೆಸರು, ಒಂದಕ್ಷರ ತಪ್ಪಾಗಿ. ಆ ಪುಟದ ಎಲ್ಲ ಸಾಲುಗಳಲ್ಲೂ ಹೀಗೆ ಕಪ್ಪಿನ ಮೇಲೆ ಕೆಂಪು. ರಸ್ತೆಯನ್ನು ಒಂದು ತುದಿಯಲ್ಲಿ ಉದ್ದ ಮಾಡಿದಾಗ ಇಡೀ ಸಾಲಿಗೆ ಹೊಸ ನಂಬರು ಕೊಟ್ಟಿದ್ದರು. ನಾನು ಫೋಟೋ ತೆಗೆದ ಮನೆ ಮುತ್ತಜ್ಜಿಯ ಕಾಲದಲ್ಲಿ 41 ಆಗಿರಲೇ ಇಲ್ಲ.

ಈ ಪತ್ರ ಆ ಕೆಂಪು ಶಾಯಿಯ ಬಗ್ಗೆ. ತಾವು ರಸ್ತೆಯೊಂದರ ಹೆಸರನ್ನು ಬದಲಿಸುವಾಗ, ಮನೆಗಳಿಗೆ ಹೊಸ ನಂಬರು ಕೊಡುವಾಗ, ಹಳೆಯದು ಯಾವುದು, ಹೊಸದು ಯಾವುದು, ಯಾವ ದಿನದಿಂದ ಎಂಬ ಪಟ್ಟಿಯನ್ನು ಮಾಡಿ, ಅದನ್ನು ಶಾಶ್ವತ ದಾಖಲೆಯೆಂದು ಉಳಿಸಿ, ಯಾರು ಬೇಕಾದರೂ ನೋಡುವಂತೆ ಪ್ರಕಟಿಸಬೇಕೆಂಬುದು ನನ್ನ ಬೇಡಿಕೆ. ಹಿಂದೆ ಮಾಡಿದ ಬದಲಾವಣೆಗಳ ಪಟ್ಟಿಗಳು ತಮ್ಮ ಕಡತಗಳಲ್ಲಿ ಇನ್ನೂ ಇದ್ದರೆ, ದಯವಿಟ್ಟು ಅವುಗಳನ್ನು ವಿಲೇವಾರಿಯ ಕಟ್ಟಿನಿಂದ ಹೊರಗೆ ತೆಗೆಯಿರಿ.

ಪೂರ್ವಜರನ್ನು ಹುಡುಕುವವರಿಗೆ ವಿಳಾಸ ಏಕೆ ಇಷ್ಟು ಮುಖ್ಯ ಎಂದು ಕೇಳಬಹುದು. ವಂಶದ ಹುಡುಕಾಟವೆಂದರೆ ಹೆಸರುಗಳ ಹುಡುಕಾಟ ಎಂದೇ ಬಹಳ ಜನ ತಿಳಿದಿದ್ದಾರೆ. ನಾನೂ ಮೊದಲು ಹಾಗೆಯೇ ತಿಳಿದಿದ್ದೆ. ಆದರೆ ಹೆಸರು ಬಹು ಬೇಗ ಕೈಕೊಡುತ್ತದೆ. ಬರೆದುಕೊಂಡ ಗುಮಾಸ್ತನ ಕಿವಿಗೆ ಕೇಳಿಸಿದಂತೆ ಅದು ಬದಲಾಗುತ್ತದೆ, ಒಂದೇ ಊರಿನಲ್ಲಿ ಒಂದೇ ಹೆಸರಿನವರು ಹತ್ತಾರು ಮಂದಿ ಇರುತ್ತಾರೆ, ಮದುವೆಯಾದ ಹೆಣ್ಣುಮಗಳ ಹೆಸರಿನ ಅರ್ಧ ಭಾಗವೇ ಬೇರೆಯಾಗಿರುತ್ತದೆ. ಹಿಂದಿನ ಕಾಲದ ನಗರ ವಿಳಾಸ ಪುಸ್ತಕಗಳಲ್ಲಿ ಬಹುಪಾಲು ಮನೆಯ ಯಜಮಾನನ ಹೆಸರಷ್ಟೇ ಇರುತ್ತಿತ್ತು. ಹೆಂಗಸಿನ ಹೆಸರು ಸೇರುತ್ತಿದ್ದುದು ಬಹುಮಟ್ಟಿಗೆ ಆಕೆ ವಿಧವೆಯಾದ ಮೇಲೆ, ಅದೂ ಇಂಥವರ ವಿಧವೆ ಎಂಬ ಒಕ್ಕಣೆಯೊಂದಿಗೆ. ಇಂಥ ಕಡೆಗಳಲ್ಲಿ ಹೆಸರಿನ ಎಳೆ ತುಂಡಾದಾಗ ಮತ್ತೆ ಗಂಟು ಹಾಕಿಕೊಡುವುದು ವಿಳಾಸ. ಒಂದೇ ನಂಬರಿನ ಮನೆಯಲ್ಲಿ ಮದುವೆಯ ನೋಂದಣಿಯಲ್ಲಿ ಒಂದು ದಂಪತಿ, ಮಗುವಿನ ಜನನ ನೋಂದಣಿಯಲ್ಲಿ ಅದೇ ದಂಪತಿ, ಮತದಾರರ ಪಟ್ಟಿಯಲ್ಲಿ ಬೇರೊಂದು ಕಾಗುಣಿತದಲ್ಲಿ ಅವರೇ ಸಿಕ್ಕಾಗ, ಮೂರೂ ಕಡೆ ಇರುವವರು ಅವರೇ ಎಂದು ಧೈರ್ಯವಾಗಿ ಹೇಳಲು ಬರುತ್ತದೆ.

ಇನ್ನೊಂದು ವಿಷಯವನ್ನು ನಾನು ಒತ್ತಿ ಹೇಳಬೇಕು. ಸ್ವಂತ ಮನೆ ಇದ್ದವರ ಗುರುತು ಒಂದಲ್ಲ ಒಂದು ಕಡೆ ಉಳಿಯುತ್ತದೆ. ಕ್ರಯಪತ್ರ, ಅಡಮಾನ ಪತ್ರ, ವಿಭಾಗಪತ್ರ, ಕೋರ್ಟಿನ ವ್ಯಾಜ್ಯ, ಹೀಗೆ ಆಸ್ತಿ ತನ್ನ ಹಿಂದೆ ಕಾಗದಗಳನ್ನು ಎಳೆದುಕೊಂಡೇ ಬರುತ್ತದೆ. ಹಳೆಯ ಕ್ರಯಪತ್ರಗಳಲ್ಲಿ ನಂಬರೇ ಇಲ್ಲದಿದ್ದರೂ ಚಕ್ಕುಬಂದಿ ಇರುತ್ತದೆ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಬಾವಿ ಎಂದು ಬರೆದಿರುವುದರಿಂದ ನೆರೆಯವರ ಪತ್ರಗಳನ್ನು ಒಂದಕ್ಕೊಂದು ಜೋಡಿಸಿ ಜಾಗವನ್ನು ಗುರುತಿಸಬಹುದು. ಬಾಡಿಗೆದಾರರಿಗೆ ಈ ಭಾಗ್ಯವಿಲ್ಲ. ಅವರ ಹೆಸರಿನಲ್ಲಿ ಪತ್ರವಿಲ್ಲ, ಚಕ್ಕುಬಂದಿಯಿಲ್ಲ. ಅವರು ಎಲ್ಲಿದ್ದರು ಎಂದು ಹೇಳುವುದು ಅಂಚೆ ಕಾಗದದ ಮೇಲಿನ ವಿಳಾಸ, ಮತದಾರರ ಪಟ್ಟಿ, ಶಾಲೆಯ ದಾಖಲಾತಿ, ಆಸ್ಪತ್ರೆಯ ಚೀಟಿ, ಅನುಭೋಗದಾರರ ಕಲಮು, ಇಷ್ಟೇ. ಇವೆಲ್ಲವೂ ನಿಂತಿರುವುದು ನಂಬರಿನ ಮೇಲೆ. ನಂಬರು ಅರ್ಥ ಕಳೆದುಕೊಂಡರೆ ಸ್ವಂತ ಮನೆಯಿಲ್ಲದೆ ಬದುಕಿದವರೆಲ್ಲ ನಗರದ ನೆನಪಿನಿಂದಲೇ ಒಕ್ಕಲೆದ್ದು ಹೋಗುತ್ತಾರೆ.

ಹೆಸರು, ನಂಬರುಗಳನ್ನು ಬದಲಿಸಲೇಬಾರದು ಎಂಬುದು ನನ್ನ ವಾದವಲ್ಲ. ಮನೆ ನಂಬರು ಹುಟ್ಟಿದ್ದೇ ಆಡಳಿತದ ಅನುಕೂಲಕ್ಕಾಗಿ. ಆಸ್ಟ್ರಿಯಾವನ್ನು ಆಳಿದ ರಾಣಿ ಮರಿಯಾ ತೆರೇಸಾಳ ಕಾಲದಲ್ಲಿ, 1770ರಲ್ಲಿ, ವಿಯೆನ್ನಾದ ಮನೆಗಳಿಗೆ ನಂಬರು ಬರೆಸಿದ್ದು ಸೈನ್ಯಕ್ಕೆ ಸೇರಿಸಬಹುದಾದ ಗಂಡಸರ ಲೆಕ್ಕ ಸಿಗಲಿ ಎಂದು. ಆ ನಂಬರುಗಳು ರಸ್ತೆಯನ್ನು ಅನುಸರಿಸುತ್ತಿರಲಿಲ್ಲ, ಮನೆ ಎಣಿಸಿದ ಕ್ರಮವನ್ನು ಅನುಸರಿಸುತ್ತಿದ್ದವು. ಹೊಸ ಮನೆ ಎದ್ದಾಗ ಎಲ್ಲಿದ್ದರೂ ಅದಕ್ಕೆ ಮುಂದಿನ ನಂಬರು ಬೀಳುತ್ತಿತ್ತು. ಜನಕ್ಕೆ ದಾರಿ ತಪ್ಪತೊಡಗಿದಾಗ 1862ರಲ್ಲಿ ಅಲ್ಲಿ ರಸ್ತೆವಾರು ನಂಬರುಗಳು ಬಂದವು. ಪ್ಯಾರಿಸ್ಸಿನಲ್ಲಿ 1805ರ ಆಜ್ಞೆಯ ಪ್ರಕಾರ ರಸ್ತೆಯ ಒಂದು ಬದಿಗೆ ಸಮಸಂಖ್ಯೆ, ಇನ್ನೊಂದು ಬದಿಗೆ ಬೆಸಸಂಖ್ಯೆ ಬಂತು; ನದಿಗೆ ಅಡ್ಡಲಾಗಿರುವ ರಸ್ತೆಗಳ ಎಣಿಕೆ ನದಿಯ ಕಡೆಯಿಂದ ಶುರುವಾಗುವಂತೆಯೂ, ನದಿಯ ಜೊತೆ ಸಾಗುವ ರಸ್ತೆಗಳದ್ದು ನೀರು ಹರಿಯುವ ದಿಕ್ಕಿಗೆ ಸಾಗುವಂತೆಯೂ ಗೊತ್ತುಮಾಡಿದರು. ಜಪಾನಿನಲ್ಲಿ 1962ರ ಕಾಯಿದೆಯ ನಂತರ ಒಂದೊಂದಾಗಿ ಪಟ್ಟಣಗಳ ವಿಳಾಸಗಳು ಬದಲಾದವು. ದಕ್ಷಿಣ ಕೊರಿಯಾದಲ್ಲಿ 2014ರ ಜನವರಿಯಿಂದ ಜಮೀನಿನ ನಂಬರಿನ ವಿಳಾಸ ಹೋಗಿ ರಸ್ತೆಯ ಹೆಸರಿನ ವಿಳಾಸ ಅಧಿಕೃತವಾಯಿತು. ಊರು ಬೆಳೆಯುತ್ತದೆ, ಅಂಚೆಯವರಿಗೂ ಆಂಬುಲೆನ್ಸಿನವರಿಗೂ ದಾರಿ ಸಿಗಬೇಕು. ಇದು ನನಗೆ ಅರ್ಥವಾಗುತ್ತದೆ.

ಬದಲಿಸಿದ ಮೇಲೂ ಹಳೆಯದರ ಜಾಡು ಉಳಿಸಿದ ನಗರಗಳಿವೆ ಎಂಬುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. ಶಿಕಾಗೋ ನಗರ 1909ರ ಸೆಪ್ಟೆಂಬರ್ 1ರಿಂದ ತನ್ನ ಮನೆಗಳ ನಂಬರುಗಳನ್ನು ಬದಲಿಸಿ, ಸ್ಟೇಟ್ ಮತ್ತು ಮ್ಯಾಡಿಸನ್ ರಸ್ತೆಗಳು ಕೂಡುವ ಜಾಗವನ್ನು ಸೊನ್ನೆಯಾಗಿ ಇಟ್ಟುಕೊಂಡು ನಾಲ್ಕೂ ದಿಕ್ಕಿಗೆ ಎಣಿಸತೊಡಗಿತು. ನಗರದ ನಡುಭಾಗಕ್ಕೆ ಈ ಬದಲಾವಣೆ 1911ರಲ್ಲಿ ಬಂತು. ಆದರೆ ಆಗ ರಸ್ತೆವಾರು ಹಳೆಯ ನಂಬರಿನ ಎದುರು ಹೊಸ ನಂಬರನ್ನು ಅಚ್ಚು ಹಾಕಿಸಿದ ಪುಸ್ತಕವೊಂದು ಹೊರಬಂತು. ಇಂದು ಅಲ್ಲಿ ತನ್ನ ಮುತ್ತಜ್ಜನ ಮನೆಯನ್ನು ಹುಡುಕುವ ಯಾರೇ ಆದರೂ ಮೊದಲು ತೆರೆಯುವುದು ಅದನ್ನೇ. ಲಂಡನ್ನಿನಲ್ಲಿ ಒಂದೇ ಹೆಸರಿನ ರಸ್ತೆಗಳು ವಿಪರೀತವಾಗಿದ್ದುದರಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಸಾವಿರಾರು ಹೆಸರುಗಳು ಬದಲಾದವು. ಅಲ್ಲಿನ ಕೌಂಟಿ ಕೌನ್ಸಿಲ್ 1955ರಲ್ಲಿ ಪ್ರಕಟಿಸಿದ ರಸ್ತೆ ಹೆಸರುಗಳ ಪಟ್ಟಿಯಲ್ಲಿ 1856ರಿಂದೀಚೆಗಿನ ಬದಲಾವಣೆಗಳು ಸಿಗುತ್ತವೆ. ಜಪಾನಿನ ಅನೇಕ ಪೌರಾಡಳಿತಗಳು ಹಳೆಯ–ಹೊಸ ವಿಳಾಸಗಳ ಹೋಲಿಕೆ ಪಟ್ಟಿಯನ್ನು ಇಂದಿಗೂ ಕೇಳಿದವರಿಗೆ ತೋರಿಸುತ್ತವೆ. ಇದರಲ್ಲಿ ದೊಡ್ಡ ಖರ್ಚಿಲ್ಲ, ದೊಡ್ಡ ತಂತ್ರಜ್ಞಾನವೂ ಇಲ್ಲ. ನಂಬರು ಬದಲಿಸುವ ಹೊತ್ತಿನಲ್ಲಿ ಕಚೇರಿಯ ಯಾರೋ ಒಬ್ಬರು ಈ ಪಟ್ಟಿಯನ್ನು ಹೇಗೂ ಮಾಡಿಯೇ ಇರುತ್ತಾರೆ, ಇಲ್ಲವಾದರೆ ಮರುವರ್ಷದ ತೆರಿಗೆ ವಸೂಲಾಗುವುದೇ ಇಲ್ಲ. ಮಾಡಿದ್ದನ್ನು ಎಸೆಯದೆ ಇಡಬೇಕು, ಅಷ್ಟೇ.

ಈ ಪಟ್ಟಿ ಇಲ್ಲದಿದ್ದರೆ, ಸರಕಾರಗಳೇ ಬಹಳ ಶ್ರಮವಹಿಸಿ ತೆರೆದಿಟ್ಟ ಬೇರೆ ದಾಖಲೆಗಳೂ ಅರ್ಧ ಮೂಕವಾಗುತ್ತವೆ. ಅಮೆರಿಕದ ಜನಗಣತಿಯ ಮನೆವಾರು ಹಾಳೆಗಳು 72 ವರ್ಷಗಳ ನಂತರ ಸಾರ್ವಜನಿಕರಿಗೆ ಸಿಗುತ್ತವೆ. 1950ರ ಹಾಳೆಗಳು 2022ರ ಏಪ್ರಿಲ್ 1ರಂದು ತೆರೆದವು. ನಗರಗಳಲ್ಲಿ ರಸ್ತೆಯ ಹೆಸರು, ಮನೆ ನಂಬರುಗಳನ್ನು ಅಲ್ಲಿ ಬರೆದುಕೊಳ್ಳತೊಡಗಿದ್ದು 1880ರ ಗಣತಿಯಿಂದ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನೂರು ವರ್ಷ ಕಾಯಬೇಕು. 1921ರ ಗಣತಿ 2022ರ ಜನವರಿಯಲ್ಲಿ ಹೊರಬಂತು. ಐರ್ಲೆಂಡಿನ 1901 ಮತ್ತು 1911ರ ಗಣತಿಯನ್ನು ಯಾರು ಬೇಕಾದರೂ ಹಣ ಕೊಡದೆ ನೋಡಬಹುದು, ಅದರ ಜೊತೆಗಿರುವ ಮನೆಗಳ ನಮೂನೆಯನ್ನು ಕಂಡು ನನಗೆ ಹೊಟ್ಟೆ ತುಂಬಿದಷ್ಟು ಸಂತೋಷವಾಯಿತು. ಗೋಡೆ ಯಾವುದರದ್ದು, ಚಾವಣಿ ಯಾವುದರದ್ದು, ಎಷ್ಟು ಕೋಣೆ, ಮುಂಭಾಗದಲ್ಲಿ ಎಷ್ಟು ಕಿಟಕಿ ಎಂದು ಮನೆಮನೆಗೂ ಬರೆದಿಟ್ಟಿದ್ದಾರೆ. ತನ್ನ ಅಜ್ಜಿಯ ಅಜ್ಜಿ ಎರಡು ಕಿಟಕಿಗಳ ಮನೆಯಲ್ಲಿದ್ದಳು ಎಂದು ಒಂದು ಮಗು ಇವತ್ತು ಓದಬಹುದು. ಆದರೆ ಆ ಹಾಳೆಯಲ್ಲಿರುವ ಮನೆ ಇಂದಿನ ಯಾವ ಜಾಗದಲ್ಲಿತ್ತು ಎಂಬುದನ್ನು ಹಾಳೆಯೊಂದೇ ಹೇಳಲಾರದು. ಅದನ್ನು ಹೇಳಬೇಕಾದವರು ತಾವು.

ಹಳೆಯ ನಕ್ಷೆಗಳು ಸ್ವಲ್ಪ ನೆರವಾಗುತ್ತವೆ ನಿಜ. 1867ರಲ್ಲಿ ಶುರುವಾದ ಸ್ಯಾನ್‌ಬಾರ್ನ್ ಕಂಪನಿ ಅಮೆರಿಕದ ಊರುಗಳಿಗೆ ಬೆಂಕಿ ವಿಮೆಗಾಗಿ ಮಾಡಿದ ನಕ್ಷೆಗಳಲ್ಲಿ ಇಟ್ಟಿಗೆಯ ಮನೆಗೆ ಗುಲಾಬಿ, ಮರದ ಮನೆಗೆ ಹಳದಿ, ಕಲ್ಲಿನದಕ್ಕೆ ನೀಲಿ ಬಣ್ಣವಿದೆ, ಜೊತೆಗೆ ಆ ಕಾಲದ ಮನೆ ನಂಬರುಗಳೂ ಇವೆ. ಫ್ರಾನ್ಸಿನಲ್ಲಿ ನೆಪೋಲಿಯನ್ 1807ರಲ್ಲಿ ಆರಂಭಿಸಿದ ಭೂಮಾಪನದ ನಕ್ಷೆಗಳು ತುಂಡು ತುಂಡು ಜಾಗಕ್ಕೂ ನಂಬರು ಕೊಡುತ್ತವೆ, ಜೊತೆಗಿನ ವಹಿಗಳು ಒಡೆಯನ ಹೆಸರು ಕೊಡುತ್ತವೆ. ಹಳೆಯ ನಕ್ಷೆಯನ್ನು ಹೊಸ ನಕ್ಷೆಯ ಮೇಲೆ ಇಟ್ಟು, ಬದಲಾಗದ ಒಂದು ತಿರುವನ್ನೋ ಒಂದು ಸೇತುವೆಯನ್ನೋ ಗುರುತು ಹಿಡಿದು, ಅಲ್ಲಿಂದ ಮನೆಗಳನ್ನು ಒಂದೊಂದಾಗಿ ಎಣಿಸುತ್ತ ಬರುವುದು ನಮ್ಮಂಥವರಿಗೆ ಅಭ್ಯಾಸವಾಗಿಬಿಟ್ಟಿದೆ. ಆದರೆ ಎಲ್ಲ ಊರಿಗೂ ಅಂಥ ನಕ್ಷೆಗಳಿಲ್ಲ, ಎರಡು ನಕ್ಷೆಗಳ ನಡುವಿನ ಮೂವತ್ತು ವರ್ಷದಲ್ಲಿ ನಂಬರು ಎರಡು ಸಲ ಬದಲಾಗಿದ್ದರೆ ನಕ್ಷೆಯೂ ದಾರಿ ತಪ್ಪಿಸುತ್ತದೆ.

ದಾಖಲೆಗಳು ಕಳೆದುಹೋದದ್ದನ್ನು ಹೇಳುವಾಗ ನಾವು ಸಾಮಾನ್ಯವಾಗಿ ಬೆಂಕಿಯನ್ನು ದೂರುತ್ತೇವೆ. 1922ರ ಜೂನ್ 30ರಂದು ಡಬ್ಲಿನ್ನಿನ ದಾಖಲೆ ಭಂಡಾರ ಅಂತರ್ಯುದ್ಧದಲ್ಲಿ ಉರಿದುಹೋದಾಗ ಐರ್ಲೆಂಡಿನ 1821ರಿಂದ 1851ರವರೆಗಿನ ಗಣತಿಯ ಬಹುಭಾಗ ನಾಶವಾಯಿತು. ಇಂಗ್ಲೆಂಡಿನ 1931ರ ಗಣತಿಯನ್ನು 1942ರ ಡಿಸೆಂಬರಿನ ಬೆಂಕಿ ನುಂಗಿತು. ಆದರೆ ಅದೇ ಐರ್ಲೆಂಡಿನ 1861 ಮತ್ತು 1871ರ ಹಾಳೆಗಳು ಸುಟ್ಟುಹೋದವಲ್ಲ, ಅಂಕಿಸಂಖ್ಯೆ ತೆಗೆದುಕೊಂಡ ಮೇಲೆ ಸರಕಾರವೇ ಅವನ್ನು ನಾಶಪಡಿಸಿತು. 1881 ಮತ್ತು 1891ರವು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ರದ್ದಿಗೆ ಹೋದವು. ಅಮೆರಿಕದ 1890ರ ಗಣತಿಗೆ 1921ರಲ್ಲಿ ಬೆಂಕಿ ಬಿತ್ತು ಎಂದು ಎಲ್ಲರೂ ಹೇಳುತ್ತಾರೆ. ಬೆಂಕಿಯಿಂದಲೂ ನೀರಿನಿಂದಲೂ ಪಾರಾಗಿ ಉಳಿದಿದ್ದ ಹಾಳೆಗಳನ್ನು ನಾಶಪಡಿಸಲು 1933ರಲ್ಲಿ ಅನುಮತಿ ಕೊಟ್ಟದ್ದು ಅಲ್ಲಿನ ಸಂಸತ್ತು. ಆಸ್ಟ್ರೇಲಿಯಾದಲ್ಲಿ ಇಪ್ಪತ್ತನೆಯ ಶತಮಾನದ ಗಣತಿಗಳ ಹೆಸರುಳ್ಳ ನಮೂನೆಗಳನ್ನೆಲ್ಲ ಕೆಲಸ ಮುಗಿದೊಡನೆ ನಾಶಮಾಡುವುದೇ ಪದ್ಧತಿಯಾಗಿತ್ತು. ಇವೆಲ್ಲ ಯಾರೋ ಒಬ್ಬರ ಸಹಿಯಿಂದ ಆದದ್ದು, ಆದ್ದರಿಂದಲೇ ನಾನು ತಮಗೆ ಬರೆಯುತ್ತಿದ್ದೇನೆ. ಸಹಿ ಹಾಕುವ ಕೈ ತಡೆಯಲೂಬಲ್ಲದು. ಜಪಾನಿನಲ್ಲಿ ಕುಟುಂಬ ನೋಂದಣಿಯ ಜೊತೆಗೆ ಒಬ್ಬೊಬ್ಬರ ವಿಳಾಸ ಬದಲಾವಣೆಗಳನ್ನು ಸಾಲಾಗಿ ಬರೆದಿಡುವ ಪುರವಣಿಯೊಂದಿದೆ. ವ್ಯಕ್ತಿಯ ಹೆಸರು ಅದರಿಂದ ತೆಗೆದುಹೋದ ಮೇಲೆ ಅದನ್ನು ಐದು ವರ್ಷ ಮಾತ್ರ ಇಡುತ್ತಿದ್ದರು. 2019ರಲ್ಲಿ ಆ ಐದನ್ನು 150 ವರ್ಷಕ್ಕೆ ಏರಿಸಿದರು. ಒಬ್ಬ ಮನುಷ್ಯ ಬದುಕಿದ ಮನೆಗಳ ಸಾಲು ಐದು ವರ್ಷಕ್ಕೆ ಅಳಿಯಬಾರದೆಂದು ಒಂದು ದೇಶಕ್ಕೆ ಅನ್ನಿಸಿತು.

ಖಾಸಗಿತನದ ಪ್ರಶ್ನೆಯನ್ನು ಅಧಿಕಾರಿಗಳು ನನ್ನ ಮುಂದೆ ಎತ್ತಿದ್ದಾರೆ, ಅದು ನ್ಯಾಯವಾದ ಪ್ರಶ್ನೆ. ಬದುಕಿರುವವರ ವಿವರ ನಮಗೆ ಬೇಡ. 72 ವರ್ಷವೋ ನೂರು ವರ್ಷವೋ ಕಾಯಿರಿ ಎಂದರೆ ಕಾಯುತ್ತೇವೆ. ಆದರೆ ನಾನು ಕೇಳುತ್ತಿರುವ ಪಟ್ಟಿಯಲ್ಲಿ ಯಾವ ಮನುಷ್ಯನ ಹೆಸರೂ ಇಲ್ಲ. ಹಳೆಯ 41 ಈಗಿನ 87 ಎಂಬುದರಲ್ಲಿ ಯಾರ ಗುಟ್ಟೂ ಇಲ್ಲ. ಅನುಭೋಗದಾರರ ಹೆಸರಿರುವ ವಹಿಗೆ ಬೇರೆ ನಿಯಮ ಮಾಡಿ, ನಂಬರುಗಳ ಪಟ್ಟಿಯನ್ನು ಇಂದೇ ತೆರೆದಿಡಬಹುದು. ಹಳೆಯ ಮನೆ ಸಿಕ್ಕ ಮೇಲೆ ನಮ್ಮ ನಡವಳಿಕೆ ಹೇಗಿರಬೇಕೆಂಬುದು ಬೇರೆ ಮಾತು. ಹೇಳದೆ ಕೇಳದೆ ಹೋಗಿ ಬಾಗಿಲು ತಟ್ಟಬಾರದು, ಮೊದಲು ಕಾಗದ ಬರೆಯಬೇಕು, ಅವರು ಬೇಡವೆಂದರೆ ರಸ್ತೆಯಿಂದಲೇ ಕೈಮುಗಿದು ಬರಬೇಕು. ಇಂದು ಅದು ಅವರ ಮನೆ. ಸರಿಯಾದ ಪಟ್ಟಿ ಇದ್ದರೆ, ನಾನು ಮಾಡಿದಂತೆ ಸಂಬಂಧವೇ ಇಲ್ಲದವರ ಮನೆಯ ಮುಂದೆ ನಿಂತು ಅವರ ಹೊಸ್ತಿಲಿನ ಫೋಟೋ ತೆಗೆಯುವುದೂ ತಪ್ಪುತ್ತದೆ.

ಸರಿಯಾದ ಬಾಗಿಲು ಯಾವುದೆಂಬುದು ಕುಟುಂಬದೊಳಗಿನ ಸಂಗತಿಯಷ್ಟೇ ಅಲ್ಲ ಎನ್ನುವುದಕ್ಕೆ ಒಂದು ನಿದರ್ಶನ ಕೊಡುತ್ತೇನೆ. ಜರ್ಮನಿಯ ಕಲಾವಿದ ಗುಂಟರ್ ಡೆಮ್ನಿಗ್ 1992ರಲ್ಲಿ ಶುರುಮಾಡಿದ ಕೆಲಸವೊಂದಿದೆ. ನಾಜಿಗಳಿಗೆ ಬಲಿಯಾದವರು ತಾವಾಗಿ ಆರಿಸಿಕೊಂಡು ವಾಸವಿದ್ದ ಕೊನೆಯ ಮನೆಯ ಮುಂದಿನ ಕಾಲುದಾರಿಯಲ್ಲಿ, ಹತ್ತು ಸೆಂಟಿಮೀಟರ್ ಚೌಕದ ಒಂದು ಹಿತ್ತಾಳೆ ಹೊದಿಕೆಯ ಕಲ್ಲನ್ನು ಹೂಳುತ್ತಾರೆ. ಬಹಳಷ್ಟು ಕಲ್ಲುಗಳ ಮೇಲಿನ ಬರಹ ಶುರುವಾಗುವುದೇ 'ಇಲ್ಲಿ ವಾಸವಾಗಿದ್ದರು' ಎಂಬ ಮಾತಿನಿಂದ. 2023ರ ಹೊತ್ತಿಗೆ ಇಂಥ ಕಲ್ಲುಗಳು ಒಂದು ಲಕ್ಷವಾದವು. ಯುದ್ಧದಲ್ಲಿ ಬಾಂಬು ಬಿದ್ದ ರಸ್ತೆಗಳು, ಆಮೇಲೆ ಹೆಸರು ಬದಲಾದ ರಸ್ತೆಗಳು, ಎಲ್ಲದರ ನಡುವೆ ಆ ಮನೆಗಳನ್ನು ಗುರುತಿಸಬೇಕು. ಬರ್ಲಿನ್ನಿನ ವಿಳಾಸ ಪುಸ್ತಕಗಳು 1799ರಿಂದ 1943ರವರೆಗೆ ಉಳಿದುಬಂದು, ಈಗ ಎಲ್ಲರ ಕೈಗೂ ಸಿಗುವಂತಾಗಿರುವುದು ಇಂಥ ಹುಡುಕಾಟಕ್ಕೆ ದೊಡ್ಡ ಆಸರೆ. 'ಇಲ್ಲಿ' ಎಂಬ ಆ ಮಾತಿನ ಬೆಲೆಯೆಲ್ಲ ವಿಳಾಸ ಸರಿಯಾಗಿರುವುದರಲ್ಲಿದೆ.

ಪಟ್ಟಿ ಹೇಗಿರಬೇಕೆಂಬುದನ್ನು ನನ್ನ ಅನುಭವದಿಂದ ಹೇಳುತ್ತೇನೆ. ಹಳೆಯ ರಸ್ತೆಯ ಹೆಸರು, ಹಳೆಯ ನಂಬರು, ಹೊಸ ಹೆಸರು, ಹೊಸ ನಂಬರು, ಜಾರಿಗೆ ಬಂದ ದಿನ, ಇಷ್ಟು ಇದ್ದರೆ ಮುಕ್ಕಾಲು ಕೆಲಸ ಆಯಿತು. ಆಜ್ಞೆ ಹೊರಟ ದಿನ ಬೇರೆ, ಫಲಕ ಬದಲಾದ ದಿನ ಬೇರೆ ಆಗಿರುತ್ತದೆ. ಜನ ಕಾಗದದ ಮೇಲೆ ಹೊಸ ನಂಬರು ಬರೆಯುವುದು ಫಲಕ ಬಂದ ಮೇಲೆಯೇ, ಆದ್ದರಿಂದ ಎರಡೂ ಬೇಕು. ಒಂದು ಮನೆ ಎರಡಾಗಿದ್ದರೆ, ಎರಡು ಮನೆ ಒಂದಾಗಿದ್ದರೆ, ಕೆಡವಿ ರಸ್ತೆಗೆ ಸೇರಿಸಿಕೊಂಡಿದ್ದರೆ ಷರಾ ಕಲಮಿನಲ್ಲಿ ಹಾಗೆಂದು ಒಂದು ಮಾತು ಬರೆಯಬೇಕು. ಯಾವ ತುದಿಯಿಂದ ಎಣಿಕೆ ಶುರುವಾಯಿತು ಎಂಬುದೂ ಬೇಕು, ಏಕೆಂದರೆ ಎಣಿಕೆಯ ದಿಕ್ಕೇ ತಿರುಗಿರುವ ರಸ್ತೆಗಳನ್ನು ನಾನು ಕಂಡಿದ್ದೇನೆ. ಪಟ್ಟಿಯನ್ನು ಬರೀ ಚಿತ್ರವಾಗಿ ಸ್ಕ್ಯಾನ್ ಮಾಡಿ ಹಾಕದೆ, ಅಕ್ಷರ ಹುಡುಕಲು ಬರುವ ಹಾಗೆ ಟೈಪು ಮಾಡಿಸಿ ಹಾಕಿದರೆ ಒಳ್ಳೆಯದು. ಮೂಲ ಹಾಳೆಯ ಚಿತ್ರವೂ ಜೊತೆಗಿರಲಿ, ಟೈಪು ಮಾಡುವವರು 1ನ್ನು 7 ಎಂದು ಓದಿರುವುದುಂಟು. ರಸ್ತೆ ಫಲಕದ ಕೆಳಗೆ ಸಣ್ಣಕ್ಷರದಲ್ಲಿ ಹಿಂದಿನ ಹೆಸರನ್ನೂ ಬರೆಸಿದರೆ ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

'ದಾಖಲೆ ಲಭ್ಯವಿಲ್ಲ' ಎಂಬ ಹಿಂಬರಹ ನನಗೆ ಎಷ್ಟೋ ಸಲ ಬಂದಿದೆ. ಅದನ್ನು ಬರೆದವರ ಮೇಲೆ ನನಗೆ ಕೋಪವಿಲ್ಲ. ಅವರ ಕೈಗೆ ಪಟ್ಟಿಯೇ ಬಂದಿರಲಿಲ್ಲ, ಅದು ಇದ್ದದ್ದೂ ಅವರಿಗೆ ತಿಳಿದಿರಲಿಲ್ಲ. ಒಂದು ವಿಭಾಗ ಹೆಸರು ಬದಲಿಸುತ್ತದೆ, ಇನ್ನೊಂದು ನಂಬರು ಕೊಡುತ್ತದೆ, ಮತ್ತೊಂದು ತೆರಿಗೆ ಕಟ್ಟಿಸಿಕೊಳ್ಳುತ್ತದೆ, ಹಳೆಯ ಕಡತಗಳು ನಾಲ್ಕನೆಯವರ ಬೀಗದಲ್ಲಿರುತ್ತವೆ. ಈ ಪಟ್ಟಿಗೆ ಒಬ್ಬರನ್ನು ಹೊಣೆಗಾರರನ್ನಾಗಿ ಮಾಡಿ ಎಂದಷ್ಟೇ ನಾನು ಕೇಳುವುದು.

ಕೆಂಪು ಶಾಯಿಯ ಸಾಲು ಸಿಕ್ಕ ಮರುವಾರ ನಾನು ಮತ್ತೆ ಆ ರಸ್ತೆಗೆ ಹೋದೆ. 87ರ ಜಾಗದಲ್ಲಿ ಈಗ ನಾಲ್ಕಂತಸ್ತಿನ ಕಟ್ಟಡವಿದೆ. ನನ್ನ ಮುತ್ತಜ್ಜಿಯ ಮನೆಯ ಒಂದು ಇಟ್ಟಿಗೆಯೂ ಉಳಿದಿಲ್ಲ. ಆದರೆ ವಹಿಯ ಪ್ರಕಾರ ಅದೇ ಮಾಲೀಕರು ಒಂದೇ ಸಾಲಿನಲ್ಲಿ ನಾಲ್ಕು ಮನೆಗಳನ್ನು ಕಟ್ಟಿಸಿದ್ದರು, ಅವುಗಳಲ್ಲಿ 89 ಇನ್ನೂ ನಿಂತಿದೆ. ಅಲ್ಲಿರುವವರಿಗೆ ಮೊದಲೇ ಕಾಗದ ಬರೆದಿದ್ದೆ, ಅವರು ಒಳಗೆ ಕರೆದು ಮನೆ ತೋರಿಸಿದರು. ಮೆಟ್ಟಿಲು ಎಡಗಡೆಗಿತ್ತು, ಮೂರು ಕಲ್ಲಿನ ಮೆಟ್ಟಿಲು, ನಡುವಿನದು ಒಂದು ಮೂಲೆಯಲ್ಲಿ ಒಡೆದಿತ್ತು. ಫೋಟೋ ತೆಗೆದುಕೊಂಡು ಹೋಗಿ, ಏನೂ ಹೇಳದೆ ಚಿಕ್ಕಜ್ಜಿಯ ಕೈಗೆ ಕೊಟ್ಟೆ. ಅವರು ಬೆರಳನ್ನು ಆ ಒಡೆದ ಮೂಲೆಯ ಮೇಲೆ ಇಟ್ಟು, "ಇದು ನಮ್ಮದಲ್ಲ, ಪಕ್ಕದ ಮನೆ. ಈ ಮೆಟ್ಟಿಲಿನ ಮೇಲೆ ನಾನು ಬಿದ್ದು ಹಲ್ಲು ಮುರಿದುಕೊಂಡಿದ್ದೆ" ಎಂದರು. ವಂಶದ ಪುಸ್ತಕದ ಮೊದಲ ಪುಟವನ್ನು ನಾವು ಬದಲಿಸಿದೆವು. ಈಗ ಅಲ್ಲಿ ಪಕ್ಕದ ಮನೆಯ ಫೋಟೋ ಇದೆ, ಕೆಳಗೆ ಅದು ಪಕ್ಕದ ಮನೆಯೆಂದೇ ಬರೆದಿದ್ದೇವೆ.

ಏಳು ಮನೆಗಳಲ್ಲಿ ನಾಲ್ಕು ಸಿಕ್ಕಿವೆ. ಉಳಿದ ಮೂರು ಒಂದೇ ರಸ್ತೆಯಲ್ಲಿವೆ, ಆ ರಸ್ತೆಯ ಹೆಸರು ಎರಡು ಸಲ ಬದಲಾಗಿದೆ ಎಂಬುದಷ್ಟು ತಿಳಿದಿದೆ. ಮೂರರ ಹಳೆಯ ನಂಬರುಗಳೂ ಮುತ್ತಜ್ಜಿಯ ಕೈಬರಹದಲ್ಲಿ ನನ್ನ ಬಳಿ ಇವೆ. ಹಳೆಯ ಪಟ್ಟಿಗಳನ್ನು ಟೈಪು ಮಾಡಿಕೊಡಲು ನಾನೂ, ನನ್ನಂತೆಯೇ ಮನೆಗಳನ್ನು ಹುಡುಕುತ್ತಿರುವ ಕೆಲವು ಗೆಳೆಯರೂ ಸಂಬಳವಿಲ್ಲದೆ ಬಂದು ಕೂರಲು ಸಿದ್ಧರಿದ್ದೇವೆ. ಬೇಕಾದದ್ದು ಒಂದು ಮೇಜು ಮತ್ತು ತಮ್ಮ ಅನುಮತಿ. ಚಿಕ್ಕಜ್ಜಿ ಆ ಮೂರು ಮನೆಗಳಲ್ಲೂ ಇದ್ದವರು. ಮೆಟ್ಟಿಲು ಯಾವ ಕಡೆಗಿತ್ತೆಂದು ಹೇಳಲು ಅವರು ಇನ್ನೂ ನಮ್ಮೊಡನೆ ಇದ್ದಾರೆ, ಆದ್ದರಿಂದ ಈ ಪತ್ರಕ್ಕೆ ಆದಷ್ಟು ಬೇಗ ಉತ್ತರ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ಇತಿ, ಗೌರವಪೂರ್ವಕ ವಂದನೆಗಳೊಂದಿಗೆ,
ಏಳು ಬಾಡಿಗೆ ಮನೆಗಳನ್ನು ಹುಡುಕುತ್ತಿರುವ ಒಬ್ಬ ಮರಿಮಗಳು